ನಿದ್ದೆರಾಯನ ಮೊಂಡು ಕತ್ತರಿ

ಗೆದ್ದು ಹೆಸರಾದವರಿದ್ದಾರೆ, ಸೋತು ಹೆಸರಾದವರಿದ್ದಾರೆ. ಬರೀ ಮಲಗಿ ಹೆಸರಾದವನು ನಮ್ಮ ಬೀದಿಯ ನಿದ್ದೆರಾಯನೊಬ್ಬನೇ. ಅವನ ನಿದ್ದೆಯ ಸುದ್ದಿ ಮೊದಲು ಬೀದಿಯ ತುದಿಯ ಪೆಟ್ರೋಲ್ ಬಂಕಿನವರೆಗೆ ಹೋಯಿತು. ಅಲ್ಲಿ ಗಾಳಿ ತುಂಬಿಸಿಕೊಂಡು ಊರೆಲ್ಲ ಸುತ್ತಿತು. ಅಪೆಂಡಿಕ್ಸ್ ಆಪರೇಷನ್ನಿಗೆಂದು ಬೆಳಿಗ್ಗೆ ಮಲಗಿದವನು ಸಂಜೆ ದೀಪ ಹಾಕುವ ಹೊತ್ತಾದರೂ ಏಳಲಿಲ್ಲವಂತೆ. ಡಾಕ್ಟರು ಕೆನ್ನೆ ತಟ್ಟಿದರು, ಏಳಲಿಲ್ಲ. ಅಂಗಾಲಿಗೆ ಸೂಜಿ ಚುಚ್ಚಿದರು, ಏಳಲಿಲ್ಲ. ಆಸ್ಪತ್ರೆಯ ಕಿಟಕಿಯಡಿಯಲ್ಲೇ ಲಾರಿಯೊಂದರ ಟೈರು ಸಿಡಿಯಿತು. ಆ ಸದ್ದಿಗೆ ಪಕ್ಕದ ಕೋಣೆಯಲ್ಲಿ ಯಾವಾಗಿನಿಂದಲೋ ನರಳುತ್ತಿದ್ದ ಗರ್ಭಿಣಿ ಥಟ್ಟನೆ ಹೆತ್ತಳು. ಹುಟ್ಟಿದ ಕೂಸು ಕಿಟಾರನೆ ಕಿರುಚಿತು. ಕೂಸಿನ ಅಪ್ಪ ಸಂತೋಷಕ್ಕೆ ಇನ್ನೂ ಜೋರಾಗಿ ಕಿರುಚಿದ. ಇಷ್ಟಾದರೂ ನಮ್ಮ ವೀರನ ರೆಪ್ಪೆ ಅದುರಲಿಲ್ಲ. ಕಡೆಗೆ ತನಗೇ ಮನಸ್ಸು ಬಂದಾಗ, ದಂಡಯಾತ್ರೆ ಮುಗಿಸಿ ಬಂದ ದೊರೆಯ ಹಾಗೆ, ಕಾಲಿನ ಹೆಬ್ಬೆರಳನ್ನೊಮ್ಮೆ ಆಡಿಸಿ ಕಣ್ಣು ತೆರೆದನಂತೆ.

ಟೈರು ಸಿಡಿದದ್ದು ಅದಕ್ಕೂ ಹಿಂದಿನ ವಾರ. ಹೆತ್ತವಳು ಬೇರೆ ಆಸ್ಪತ್ರೆಯವಳು. ಆದರೆ ಒಳ್ಳೆಯ ಕತೆ ಕೈಗೆ ಸಿಕ್ಕಾಗ ತಾರೀಖು ನೋಡುವ ದುರಭ್ಯಾಸ ನಮ್ಮ ಬೀದಿಗಿಲ್ಲ. ಎದುರಂಗಡಿಯ ಕ್ಷೌರಿಕನಂತೂ ಗಿರಾಕಿಯ ಗಂಟಲಿನ ಮೇಲೆ ಕತ್ತಿಯಿಟ್ಟುಕೊಂಡೇ ಈ ಕತೆ ಹೇಳುತ್ತಿದ್ದ; ಹಾಗಾಗಿ ಅಲ್ಲಗಳೆದವರು ಯಾರೂ ಇಲ್ಲ.

"ಸತ್ತೇ ಹೋಗಿದ್ದ ಕಣ್ರೀ. ಮೇಲೆ ಹೋಗಿ ಬಾಗಿಲು ತಟ್ಟಿದಾನೆ. ಏನಪ್ಪ ಕೆಲಸ ಬರುತ್ತೆ ನಿಂಗೆ ಅಂತ ಕೇಳಿದಾರೆ. ಹಾಸಿಗೆ ಹೊಲೀತೀನಿ ಅಂದಿದಾನೆ. ಇಲ್ಲಿ ಯಾರಿಗೂ ಮಲಗೋಕೆ ಪುರುಸೊತ್ತಿಲ್ಲ, ಹೋಗು ಹೋಗು ಅಂತ ಬಾಗಿಲು ಹಾಕ್ಕೊಂಡಿದಾರೆ. ಅಲ್ಲಾಡಬೇಡಿ, ಕಿವಿ ಹೋಗುತ್ತೆ."

ಹಾಸಿಗೆ ಹೊಲಿಯುತ್ತಿದ್ದದ್ದು ಮಾತ್ರ ನಿಜ. ಅಣ್ಣ ತಮ್ಮ ಇಬ್ಬರ ಹಾಸಿಗೆ ಅಂಗಡಿ ಅದು. ಅಪ್ಪ ಇಟ್ಟಿದ್ದು. ಮುಂದುಗಡೆ ಗಾಜಿನ ಶೋಕೇಸು, ಅಲ್ಲಿ ಅಣ್ಣ. ಹಿಂದುಗಡೆ ಕಿಟಕಿಯಿಲ್ಲದ ಕೋಣೆ, ಅಲ್ಲಿ ತಮ್ಮ ಮತ್ತು ಹತ್ತಿ. ಮಾತೆಲ್ಲ ಅಣ್ಣನ ಪಾಲಿಗೆ ಬಂದಿತ್ತು, ದಬ್ಬಣ ತಮ್ಮನ ಪಾಲಿಗೆ. ತಮ್ಮ ಬೆಳಿಗ್ಗೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೋಲಿನಿಂದ ಹತ್ತಿ ಬಡಿಯಲು ಕೂತರೆ, ಮಧ್ಯಾಹ್ನದ ಹೊತ್ತಿಗೆ ಹುಬ್ಬು, ರೆಪ್ಪೆ, ಮೂಗಿನ ಕೂದಲು ಎಲ್ಲ ಬೆಳ್ಳಗಾಗಿ, ವಯಸ್ಸಿಗೆ ಮೊದಲೇ ಮುದುಕನಾದ ಯಾವುದೋ ಋಷಿಯ ಹಾಗೆ ಕಾಣುತ್ತಿದ್ದ. ಬಡಿದ ಹತ್ತಿಯನ್ನು ಅಂಗೈಯಿಂದ ಪದರ ಪದರವಾಗಿ ಒತ್ತುವುದು, ಗಂಟಿದ್ದರೆ ಬೆರಳಲ್ಲಿ ಹುಡುಕಿ ಬಿಡಿಸುವುದು, ಚೀಲದೊಳಗೆ ತುಂಬಿ ಅಂಚು ಮುಚ್ಚುವುದು, ಆಮೇಲೆ ಗೇಣುದ್ದದ ದಬ್ಬಣದಿಂದ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ದಾರ ಎಳೆದು ಬಿಗಿಯುವುದು. ಮೇಲೆ ಕೈ ಆಡಿಸಿದರೆ ಎಲ್ಲೂ ಏರು ತಗ್ಗು ಸಿಗಬಾರದು. ಸಿಕ್ಕಿದರೆ ಪೂರ್ತಿ ಬಿಚ್ಚುತ್ತಿದ್ದ. "ಹತ್ತಿ ಕದಲಿದ್ರೂ ಇವನಿಗೆ ಮೈ ತುರಿಸುತ್ತೆ" ಎಂದು ಅಣ್ಣ ಗಿರಾಕಿಗಳೆದುರು ಹಾಸ್ಯ ಮಾಡುತ್ತಿದ್ದ.

ಮದುವೆಯಾಗಿರಲಿಲ್ಲ. ಹೆಣ್ಣು ಕೊಡಲು ಬಂದವರು ಅಣ್ಣನ ಮಾತು ಕೇಳಿ ಮರುಳಾಗಿ ಒಳಗೆ ಬರುತ್ತಿದ್ದರು, ತಮ್ಮನ ಮೌನ ಕೇಳಿ ಹೊರಗೆ ಹೋಗುತ್ತಿದ್ದರು. ಹೀಗೆ ಅಣ್ಣ, ಅತ್ತಿಗೆಯ ಜೊತೆಯಲ್ಲೇ ಉಳಿದ. ಅಂಗಡಿಯ ಮೇಲಿನ ಅಂತಸ್ತಿನಲ್ಲೇ ಮನೆ. ಅತ್ತಿಗೆಗೂ ಮಕ್ಕಳಾಗಲಿಲ್ಲ, ಅವಳ ಗದರಿಕೆಯೆಲ್ಲ ಮೈದುನನ ಮೇಲೇ ಖರ್ಚಾಗುತ್ತಿತ್ತು. "ಹತ್ತಿ ಕೊಡವಿಕೊಂಡು ಮೇಲೆ ಬಾರೋ, ತಟ್ಟೆಯಲ್ಲಿ ಅನ್ನ ಯಾವುದು ಹತ್ತಿ ಯಾವುದು ಗೊತ್ತಾಗಲ್ಲ."

ಆ ಮನೆಗೊಂದು ಕಟ್ಟಳೆಯಿತ್ತು. ಅಪ್ಪನ ಕಾಲದಿಂದ ಬಂದದ್ದು. ಈ ಮನೆಯವರ ಬೆನ್ನು ಬೇರೆಯವರ ಹಾಸಿಗೆಗೆ ತಾಗಕೂಡದು. ನೆಂಟರ ಮನೆಗೆ ಹೋದರೂ ಹಾಸಿಗೆ ಹಿಂದೆಯೇ ಬರುತ್ತಿತ್ತು. ಆದ್ದರಿಂದ ತಮ್ಮನಿಗೆ ಹೊಟ್ಟೆನೋವು ಬಂದು, ನರ್ಸಿಂಗ್ ಹೋಮಿನವರು ಅಪೆಂಡಿಕ್ಸ್ ಒಡೆಯುವ ಹಾಗಿದೆ ಎಂದಾಗ, ಅಣ್ಣ ಮೊದಲು ಮಾಡಿದ ಕೆಲಸವೆಂದರೆ ತಳ್ಳುಗಾಡಿ ತರಿಸಿದ್ದು. ರೋಗಿಗಿಂತ ಮುಂಚೆ ಹಾಸಿಗೆ ಅಡ್ಮಿಟ್ ಆಯಿತು. ಹೊಚ್ಚ ಹೊಸ ಹಾಸಿಗೆ. ಹಿಂದಿನ ದಿನ ತಮ್ಮನೇ ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಹೊಲಿದು ಮುಗಿಸಿದ್ದು. ನರ್ಸಮ್ಮ ತಡೆಯಲು ನೋಡಿದಳು. ಅಣ್ಣ ಮಾತಾಡಿದ. ಹಾಸಿಗೆ ಒಳಗೆ ಹೋಯಿತು.

ಆಪರೇಷನ್ ಸಲೀಸಾಗಿ ಮುಗಿಯಿತು. ಆಮೇಲೆ ನಡೆದದ್ದನ್ನು ಬೀದಿ ಹೊರಗಿನಿಂದ ನೋಡಿತು, ನಿದ್ದೆಯೆಂದಿತು. ಒಳಗಿನಿಂದ ಅದು ಹೀಗಿತ್ತು.

ಅವನಿಗೆ ಎಚ್ಚರವಾಯಿತು. ಡಾಕ್ಟರು ಎದುರು ನೋಡಿದ್ದ ಹೊತ್ತಿಗೆ ಸರಿಯಾಗಿ, ಒಳ್ಳೆಯ ರೋಗಿಗೆ ಆಗಬೇಕಾದ ಹಾಗೆಯೇ ಎಚ್ಚರವಾಯಿತು. ಕಣ್ಣು ತೆರೆಯೋಣ ಎಂದುಕೊಂಡ, ರೆಪ್ಪೆ ಏಳಲಿಲ್ಲ. ಕೆಮ್ಮೋಣ ಎಂದುಕೊಂಡ, ಗಂಟಲಲ್ಲಿ ಕೊಳವೆಯಿತ್ತು, ಕೆಮ್ಮು ಇರಲಿಲ್ಲ. ಉಸಿರು ಎಳೆದುಕೊಳ್ಳೋಣ ಎಂದರೆ ಅದೂ ಅವನ ಕೈಯಲ್ಲಿರಲಿಲ್ಲ. ಯಾರೋ ಚೀಲದಿಂದ ಗಾಳಿಯನ್ನು ಒತ್ತಿ ಒಳಗೆ ಕಳಿಸುತ್ತಿದ್ದರು, ಬಿಟ್ಟಾಗ ಅದು ತಾನಾಗಿ ಹೊರಗೆ ಬರುತ್ತಿತ್ತು. ಜೀವಮಾನವಿಡೀ ಚೀಲಗಳೊಳಗೆ ಹತ್ತಿ ತುಂಬಿದವನನ್ನು ಈಗ ಯಾರೋ ತುಂಬುತ್ತಿದ್ದರು. ಹೊಟ್ಟೆಯ ಹೊಲಿಗೆ ಉರಿಯುತ್ತಿತ್ತು.

ಚೀಲ ಒತ್ತುತ್ತಿದ್ದವಳು ನರ್ಸಮ್ಮ. ಅವಳಿಗೆ ನೆಗಡಿ. ಪ್ರತಿ ಸಲ ಒತ್ತುವಾಗಲೂ ಮೂಗು ಸೊರ್ ಎನ್ನುತ್ತಿತ್ತು. "ಎದ್ದೇಳಪ್ಪ ರಾಜ, ನನ್ನ ಬಸ್ಸು ಹೋಗಿಬಿಡುತ್ತೆ" ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಹೋಯ್ತು ಬಿಡು ಬಸ್ಸು" ಎಂದಳು. ಅರಿವಳಿಕೆಯ ಡಾಕ್ಟರು ಬಂದು ರೆಪ್ಪೆ ಎತ್ತಿ ಟಾರ್ಚ್ ಬಿಟ್ಟರು. ಆ ಬೆಳಕಿನಲ್ಲಿ ಅವರ ಮೂಗಿನ ತುದಿಯ ಬೆವರ ಹನಿ ಅವನಿಗೆ ಕಂಡಿತು. "ಎಲ್ಲಾ ಔಷಧಿ ಆಗಲೇ ನಿಲ್ಲಿಸಿದೀನಿ. ಇಷ್ಟು ಹೊತ್ತಿಗೆ ಎದ್ದು ಕೂತಿರಬೇಕಿತ್ತು. ಮೆದುಳಿಗೇನಾದ್ರೂ ಆಗಿದ್ರೆ..." ಎಂದು ವಾಕ್ಯವನ್ನು ಅಲ್ಲೇ ಬಿಟ್ಟರು. ರೆಪ್ಪೆಯನ್ನೂ ಬಿಟ್ಟರು. ಕತ್ತಲಾಯಿತು.

ಅತ್ತಿಗೆ ಬಂದು ಪಾದ ಹಿಡಿದು ಅತ್ತಳು. ಅವಳನ್ನು ಯಾರೋ ಹೊರಗಿನ ಬೆಂಚಿಗೆ ಕರೆದುಕೊಂಡು ಹೋದರು. ಆಮೇಲೆ ಅಣ್ಣ ಬಂದ. ಅಣ್ಣನ ಚಪ್ಪಲಿಯ ಸದ್ದು ಅವನಿಗೆ ಚೆನ್ನಾಗಿ ಗೊತ್ತು. ಅವನು ತನ್ನ ಬಲಗೈಯ ತೋರುಬೆರಳಿಗೆ, ದಬ್ಬಣ ತಳ್ಳಿ ತಳ್ಳಿ ಕಲ್ಲಾಗಿದ್ದ ಬೆರಳಿಗೆ, ಮೈಯಲ್ಲಿದ್ದ ಬಲವನ್ನೆಲ್ಲ ಕಳಿಸಿದ. ಅಲುಗು, ಅಣ್ಣನಿಗೆ ಕಾಣಿಸು. ಬೆರಳು ಬೇರೆ ಯಾರದ್ದೋ ಆಗಿತ್ತು.

ಅಣ್ಣ ತುಂಬ ಹೊತ್ತು ಸುಮ್ಮನೆ ನಿಂತಿದ್ದ. ಅಣ್ಣ ಸುಮ್ಮನಿದ್ದದ್ದನ್ನು ಅವನು ಹಿಂದೆಂದೂ ಕೇಳಿರಲಿಲ್ಲ. ಕಡೆಗೆ ಹೇಳಿದ: "ಸಾರ್, ಹೀಗೇ ಮರದ ಕೊರಡಿನ ಥರ ಬಿದ್ದಿರೋದಾದ್ರೆ ಬೇಡ. ಆ ಚೀಲ ಒತ್ತೋದು ನಿಲ್ಲಿಸಿಬಿಡಿ. ಅವನ ಹಿಂದೆ ಅಳೋರು ಯಾರಿದಾರೆ?"

ಚೀಲ ಒಂದು ಒತ್ತು ತಪ್ಪಿತು. ಆ ಒಂದು ಒತ್ತಿನ ಜಾಗದಲ್ಲಿ ಅವನು ಏನೆಂದುಕೊಂಡನೆಂದು ಬೀದಿ ಇವತ್ತಿನವರೆಗೂ ಕೇಳುತ್ತಲೇ ಇದೆ. ಮತ್ತೆ ಮೂಗು ಸೊರ್ ಎಂದಿತು, ಗಾಳಿ ಒಳಗೆ ಬಂತು. "ಕೈ ನೋಯ್ತಿರೋದು ನಂದು," ಎಂದಳು ನರ್ಸಮ್ಮ, "ಅವಸರ ನಿಮಗ್ಯಾಕೆ? ಹೋಗಿ ಹೊರಗೆ ಕೂತ್ಕೊಳ್ಳಿ."

ಸಂಜೆ ಕಾಲಿನ ಹೆಬ್ಬೆರಳು ಅಲುಗಿತು. ನರ್ಸಮ್ಮ ಕಿರುಚಿದ ಸದ್ದಿಗೆ ಇಡೀ ಆಸ್ಪತ್ರೆ ಓಡಿ ಬಂತು. ಕೊಳವೆ ತೆಗೆದು, ಬಾಯಿಗೆ ನೀರು ತೊಟ್ಟಿಕ್ಕಿಸಿ, ಅರಿವಳಿಕೆಯ ಡಾಕ್ಟರು ಅವನ ಮೇಲೆ ಬಾಗಿ ಕೇಳಿದರು: "ನಡುವೆ ಏನಾದ್ರೂ ಕೇಳಿಸ್ತಾ? ಯಾರಾದ್ರೂ ಮಾತಾಡಿದ್ದು ನೆನಪಿದೆಯಾ?"

ಹಾಸಿಗೆಯ ಕಾಲ ಕಡೆ ಅಣ್ಣ ನಿಂತಿದ್ದ. ಕಣ್ಣು ಕೆಂಪಗೆ ಊದಿತ್ತು. ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು. ಅಳೋರು ಯಾರಿದಾರೆ ಎಂದವನು ಎಲ್ಲೋ ಕೂತು ಒಬ್ಬನೇ ಅತ್ತು ಬಂದಿದ್ದ. ಡಾಕ್ಟರ ಪ್ರಶ್ನೆಗೆ ಅವನ ಮುಖದಲ್ಲಿ ರಕ್ತ ಉಳಿಯಲಿಲ್ಲ.

"ಇಲ್ಲ ಸಾರ್," ಎಂದ ತಮ್ಮ. "ಒಳ್ಳೆ ನಿದ್ದೆ."

ನಮ್ಮ ಇಡೀ ಪುರಾಣ ಹುಟ್ಟಿದ್ದು ಈ ಎರಡೇ ಮಾತಿನಿಂದ.

ಮನೆಗೆ ಬಂದವನು ಮಾಡಿದ ಮೊದಲ ಕೆಲಸ ಇನ್ನೂ ವಿಚಿತ್ರ. ಅತ್ತಿಗೆ ಬೇಡ ಬೇಡವೆಂದರೂ, ಹೊಟ್ಟೆಯ ಹೊಲಿಗೆ ಬಿಚ್ಚುವ ಮೊದಲೇ, ಆಸ್ಪತ್ರೆಯಿಂದ ವಾಪಸಾದ ಆ ಹಾಸಿಗೆಯ ತಲೆಕಡೆಯ ಎಡಮೂಲೆಯನ್ನು ಬಿಚ್ಚಿ, ಒಳಗೆ ಕೈ ಹಾಕಿ ಏನೋ ತಡವುತ್ತಾ ಕೂತ. ನೋಡಿದವರಿಗೆ ಕಣ್ಣು ತುಂಬಿ ಬಂತು. "ಜೀವ ಉಳಿಸಿದ ಹಾಸಿಗೆ ಅಂತ ಪ್ರೀತಿಯಿಂದ ಸವರ್ತಿದಾನೆ ಕಣ್ರೀ," ಎಂದ ಕ್ಷೌರಿಕ.

ಅವನ ರಕ್ತ ದೂರದ ಲ್ಯಾಬಿಗೆ ಹೋಗಿ ಬಂದ ಮೇಲೆ, ಅರಿವಳಿಕೆಯ ಡಾಕ್ಟರು ಅಣ್ಣ ತಮ್ಮ ಇಬ್ಬರನ್ನೂ ಕರೆಸಿದರು. ಒಳ್ಳೆಯ ಮನುಷ್ಯ, ತಪ್ಪು ಮಾಡಿದ್ದು ಒಂದೇ, ಹಾಸಿಗೆಯವರಿಗೆ ಅರ್ಥವಾಗಲೆಂದು ಕತ್ತರಿಯ ಹೋಲಿಕೆ ಕೊಟ್ಟರು.

"ನೋಡಿ, ಆಪರೇಷನ್ನಿಗೆ ಎರಡು ಔಷಧಿ ಕೊಡ್ತೀವಿ. ಒಂದು ನಿದ್ದೆಗೆ. ಇನ್ನೊಂದು ಮೈಯೆಲ್ಲಾ ಸಡಿಲ ಆಗೋಕೆ, ಕೊಳವೆ ಹಾಕೋಕೆ ಸುಲಭ ಆಗಲಿ ಅಂತ. ಈ ಎರಡನೇದನ್ನ ಕತ್ತರಿಸಿ ಹಾಕೋ ಕಿಣ್ವ ಒಂದು ನಮ್ಮ ರಕ್ತದಲ್ಲಿರುತ್ತೆ. ಎಲ್ಲರಲ್ಲೂ ಅದು ಕೆಲವೇ ನಿಮಿಷದಲ್ಲಿ ಕೆಲಸ ಮುಗಿಸುತ್ತೆ. ಇವರಲ್ಲಿ ಆ ಕತ್ತರಿ ಮೊಂಡು. ಔಷಧಿ ಹಾಗೇ ಉಳಿದು ಮೈ ಬೀಗ ಹಾಕ್ಕೊಂಡುಬಿಡ್ತು. ಆ ಕಿಣ್ವ ಹೇಗಿರಬೇಕು ಅಂತ ಹೇಳೋ ಜೀನ್ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತೆ..."

"ನಮ್ಮಪ್ಪನ ಕತ್ತರಿ ಮೊಂಡಾ?" ಅಣ್ಣ ಎದ್ದು ನಿಂತ. "ಏನ್ರೀ ಮಾತಾಡ್ತಿದೀರಾ? ನಮ್ಮಪ್ಪ ಕತ್ತರಿ ಇಟ್ಟರೆ ನಾಲ್ಕು ಪದರ ಕ್ಯಾನ್ವಾಸು ಬೆಣ್ಣೆ ಥರ ಹೋಗ್ತಿತ್ತು!"

"ಅಯ್ಯೋ, ಆ ಕತ್ತರಿ ಅಲ್ರೀ..."

"ಇಂಜೆಕ್ಷನ್ ಜಾಸ್ತಿ ಹಾಕಿಬಿಟ್ಟು ಈಗ ಸತ್ತೋರ ಮೇಲೆ ಹಾಕ್ತೀರಾ?"

"ನಿಮ್ಮ ಅಪ್ಪ ಅಮ್ಮ ಇಬ್ಬರಿಗೂ ತೊಂದರೆ ಇದ್ದಿರಲಿಕ್ಕಿಲ್ಲ. ಒಬ್ಬೊಬ್ಬರ ಹತ್ರ ಒಂದು ಚೂಪು, ಒಂದು ಮೊಂಡು ಇದ್ದಿರುತ್ತೆ. ಇವರಿಗೆ ಮೊಂಡು ಎರಡೂ ಬಂದಿವೆ. ಒಡಹುಟ್ಟಿದವರಿಗೂ ಹಾಗೇ ಬಂದಿರೋ ಸಾಧ್ಯತೆ ಇರುತ್ತೆ. ನೀವೂ ರಕ್ತ ಕೊಟ್ಟುಬಿಡಿ. ಸಾಮಾನ್ಯ ದಿನಗಳಲ್ಲಿ ಏನೂ ಆಗಲ್ಲ, ಗೊತ್ತೂ ಆಗಲ್ಲ. ಆ ಒಂದು ಔಷಧಿ ಒಳಗೆ ಹೋದ್ರೆ ಮಾತ್ರ..."

"ನಮ್ಮ ಮನೆ ರಕ್ತ ಚೆನ್ನಾಗಿದೆ," ಎಂದ ಅಣ್ಣ. "ಅವನು ನಿದ್ದೆ ಮಾಡಿದ. ಯಾಕೆ ಅಂದ್ರೆ ಹಾಸಿಗೆ ಹಾಗಿತ್ತು."

ಬಾಯಿಗೆ ಬಂದದ್ದನ್ನು ಸಿಟ್ಟಿನಲ್ಲಿ ಹೇಳಿದ್ದು. ಆದರೆ ದಾರಿಯಲ್ಲಿ ನಡೆಯುತ್ತಾ ಅವನಿಗೇ ಆ ಮಾತು ಹಿಡಿಸಿತು. ಅಂಗಡಿ ತಲುಪುವ ಹೊತ್ತಿಗೆ ಅದು ವ್ಯಾಪಾರವಾಗಿತ್ತು. ಕೆಲವೇ ದಿನಗಳಲ್ಲಿ ಗಾಜಿನ ಮೇಲೆ ಕೆಂಪಕ್ಷರದ ಬೋರ್ಡು ಬಂತು: ಏಳಲು ಮನಸ್ಸೇ ಬಾರದ ಹಾಸಿಗೆ. ಅದರ ಕೆಳಗೆ, ಶೋಕೇಸಿನೊಳಗೆ, ಸಾಕ್ಷಾತ್ ನಿದ್ದೆರಾಯ.

ಹೌದು, ಅಣ್ಣ ಅವನನ್ನು ಶೋಕೇಸಿನಲ್ಲಿ ಮಲಗಿಸಿದ. ಅಂಗಡಿಗೆ ಜನ ಬರುವ ಹೊತ್ತಿಗೆ ಒಗೆದ ಅಂಗಿ ಹಾಕಿಸಿ, ಕೂದಲು ಬಾಚಿಸಿ, ಎದೆಯವರೆಗೆ ಬಿಳಿ ಹೊದಿಕೆ ಹೊದಿಸಿ, ಕಣ್ಣು ಮುಚ್ಚಿಸಿ ಬೆನ್ನ ಮೇಲೆ ಮಲಗಿಸುತ್ತಿದ್ದ. ಜನ ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದರು. ಧೈರ್ಯಸ್ಥರು ಒಳಗೆ ಬಂದು ಮೂಗಿನ ಕೆಳಗೆ ಹಕ್ಕಿಪುಕ್ಕ ಆಡಿಸಿದರು, ಕಿವಿಯ ಪಕ್ಕ ತಟ್ಟೆ ಬೀಳಿಸಿದರು. ಕ್ಷೌರಿಕ ಒಮ್ಮೆ ಕೆನ್ನೆಗೆ ನೊರೆ ಹಚ್ಚಿ ಪೂರ್ತಿ ಗಡ್ಡ ಹೆರೆದ. ನಮ್ಮ ವೀರ ಕದಲಲಿಲ್ಲ. ಕದಲದೆ ಬಿದ್ದಿರುವ ವಿದ್ಯೆಯನ್ನು ಅವನು ಎಂಥ ಗುರುಕುಲದಲ್ಲಿ ಕಲಿತನೆಂಬುದು ಯಾರಿಗೆ ಗೊತ್ತಿತ್ತು? ಹೊದಿಕೆಯ ಕೆಳಗೆ, ಯಾರಿಗೂ ಕಾಣದ ಹಾಗೆ, ಕಾಲಿನ ಹೆಬ್ಬೆರಳನ್ನು ಮಾತ್ರ ಆಡಿಸುತ್ತಲೇ ಇರುತ್ತಿದ್ದ. ಅದು ಇನ್ನೂ ತನ್ನದೇ ಹೌದೇ ಎಂದು.

ಅಂಗಡಿ ಮುಚ್ಚಿದ ಮೇಲೆ ನಿದ್ದೆರಾಯನಿಗೆ ನಿದ್ದೆಯಿಲ್ಲ. ಬೆನ್ನ ಮೇಲೆ ಮಲಗಿದರೆ ಮೈ ಮತ್ತೆ ಬೀಗ ಹಾಕಿಕೊಳ್ಳುತ್ತದೆಂಬ ಭಯ. ಹಿಂದಿನ ಕೋಣೆಯಲ್ಲಿ ಹತ್ತಿಯ ಮೂಟೆಗೆ ಒರಗಿ ಕೂತೇ ತೂಕಡಿಸುತ್ತಿದ್ದ. ಊರಿಗೆಲ್ಲ ನಿದ್ದೆ ಹೊಲಿದು ಕೊಡುವವನು ಕೂತಲ್ಲೇ ಬೆಳಗು ಮಾಡುತ್ತಿದ್ದುದು ಅತ್ತಿಗೆಗೆ ಗೊತ್ತಿತ್ತು. "ಶೋಕೇಸಲ್ಲಿ ಮಲಗಿ ಮಲಗಿ ಸಾಕಾಗಿರುತ್ತೆ ಅವನಿಗೆ," ಎಂದು ಅಣ್ಣ ನಗಾಡಿದ.

ಒಲ್ಲೆನೆನ್ನಬಹುದಿತ್ತಲ್ಲ? ಅನ್ನಬಹುದಿತ್ತು. ಆದರೆ ಆ ದಿನದಿಂದ ಅಣ್ಣ ಬೇರೆ ಮನುಷ್ಯನಾಗಿದ್ದ. ತಮ್ಮನ ತಟ್ಟೆಗೆ ತಾನೇ ಬಡಿಸುತ್ತಿದ್ದ. ಹತ್ತಿಯ ದೂಳಿಗೆಂದು ಗೋಡೆ ಒಡೆಸಿ ಫ್ಯಾನು ಹಾಕಿಸಿದ. ತಮ್ಮ ಕೆಮ್ಮಿದರೆ ಮಾತು ಅರ್ಧಕ್ಕೆ ನಿಲ್ಲಿಸುತ್ತಿದ್ದ. ಆ ಸಂಜೆಯ ಮೇಲೆ ಅವನು ನಗುವಿನ ದಪ್ಪ ಪದರವೊಂದನ್ನು ಹಾಸಿ ಹೊಲಿದುಬಿಟ್ಟಿದ್ದ. ಹೊಲಿಗೆ ಬಿಚ್ಚಿದರೆ ಒಳಗೆ ಏನಿದೆ ಎಂದು ಗೊತ್ತಿದ್ದವನು ತಮ್ಮನೊಬ್ಬನೇ. ಹಾಗಾಗಿ ಬಿಚ್ಚಲಿಲ್ಲ. ರಕ್ತದ ವಿಷಯ ಮಾತ್ರ ಆಗಾಗ ಎತ್ತುತ್ತಿದ್ದ.

"ಅಣ್ಣ, ಒಂದ್ಸಲ ರಕ್ತ ಕೊಟ್ಟು ಬಾ. ನಿಂಗೂ ಹಾಗೇ ಇದ್ರೆ?"

"ಇದ್ರೆ ಬೋರ್ಡು ಇಳಿಸಬೇಕಾಗುತ್ತೆ. ಹೋಗಿ ಮಲಗೋ."

ಅವನು ಹೋಗಿ ಮಲಗುತ್ತಿದ್ದ.

ವರ್ಷಗಳು ಕಳೆದವು. ಒಂದು ಬೆಳಿಗ್ಗೆ ಅಣ್ಣನ ಹೊಟ್ಟೆ ಉಬ್ಬಿತು. ನೀರು ಕುಡಿದರೂ ವಾಂತಿ. ಈ ಸಲ ದೊಡ್ಡ ಆಸ್ಪತ್ರೆ. ಕರುಳಿಗೆ ಏನೋ ಅಡ್ಡ ಬಂದಿದೆ, ತಡಮಾಡದೆ ಕೊಯ್ಯಬೇಕು ಎಂದರು. ನೋವಿನಲ್ಲೂ ಅಣ್ಣನ ಮೊದಲ ಮಾತು, "ತಳ್ಳುಗಾಡಿ". ಹಾಸಿಗೆ ಬಂತು, ಆಸ್ಪತ್ರೆಯ ಬಾಗಿಲಲ್ಲಿ ಕಾವಲುಗಾರ ಅದನ್ನು ತಡೆದು ನಿಲ್ಲಿಸಿಕೊಂಡ. ಈ ಸಲ ಮಾತಾಡಿ ಒಳಗೆ ಬಿಡಿಸಲು ಅಣ್ಣನಿಗೆ ತ್ರಾಣವಿರಲಿಲ್ಲ. ಹಸಿರು ಬಣ್ಣದ ರೆಕ್ಸಿನ್ ಹೊದಿಸಿದ ಸ್ಟ್ರೆಚರಿನ ಮೇಲೆ, ಜೀವನದಲ್ಲಿ ಮೊದಲ ಸಲ ಅನ್ಯರ ಹಾಸಿಗೆಯ ಮೇಲೆ, ಅವನು ಆಪರೇಷನ್ ಕೋಣೆಯ ಹೊರಗಿನ ಓಣಿಯಲ್ಲಿ ಮಲಗಿದ್ದ. ಒಂದು ಪಕ್ಕ ಹೆಂಡತಿ, ಒಂದು ಪಕ್ಕ ತಮ್ಮ.

ಅರಿವಳಿಕೆಯ ಡಾಕ್ಟರು ಬಂದರು, ಹೆಂಗಸು, ಹಣೆಗೆ ಕನ್ನಡಕ ಏರಿಸಿಕೊಂಡಿದ್ದವರು. "ನಿಮಗಾಗಲಿ, ಮನೇಲಿ ಯಾರಿಗಾದ್ರೂ ಆಗಲಿ, ಅರಿವಳಿಕೆ ಕೊಟ್ಟಾಗ ತೊಂದರೆ ಆಗಿದ್ದುಂಟಾ?"

"ಯಾರಿಗೂ ಇಲ್ಲ," ಎಂದ ಅಣ್ಣ. "ಇವನು ನನ್ನ ತಮ್ಮ. ಚೆನ್ನಾಗಿ ನಿದ್ದೆ ಮಾಡಿದ. ನಮ್ಮದೇ ಹಾಸಿಗೆ. ನಿಮಗೂ ಬೇಕಾದ್ರೆ..." ನೋವು ಬಂದು ವ್ಯಾಪಾರ ಅರ್ಧಕ್ಕೆ ನಿಂತಿತು.

"ಮೇಡಂ," ಎಂದ ತಮ್ಮ. "ನಂಗೆ ತೊಂದರೆ ಆಗಿತ್ತು. ಅದ್ಯಾವುದೋ ಕಿಣ್ವ ಮೊಂಡು ಅಂದ್ರು. ಅಣ್ಣನಿಗೂ ಇರಬಹುದು ಅಂದ್ರು."

"ಸುಮ್ನಿರೋ! ಇವನಿಗೆ ಸರಿಯಾಗಿ ನಿದ್ದೆಯಿಲ್ಲ ಮೇಡಂ, ಏನೇನೋ ಮಾತಾಡ್ತಾನೆ."

ಡಾಕ್ಟರು ಕನ್ನಡಕ ಕೆಳಗಿಳಿಸಿದರು. "ಒಂದು ನಿಮಿಷ. ಇವರು ನಿದ್ದೆ ಮಾಡಿದ ಅಂತಾರೆ, ನೀವು ಬೇರೆ ಹೇಳ್ತೀರಿ. ಎರಡೂ ಒಂದೇ ಅಲ್ಲ. ಇವರ ಹೊಟ್ಟೆ ತುಂಬಿದೆ, ಬೇಗ ಕೊಳವೆ ಹಾಕಬೇಕು. ಅದಕ್ಕೆ ನಾನು ಮೊದಲು ಕೈ ಹಾಕೋದೇ ಆ ಔಷಧಿಗೆ. ಅದನ್ನ ಬಿಡಬೇಕು ಅಂದ್ರೆ ನಂಗೆ ಗೊತ್ತಾಗಬೇಕು. ನಿಮಗೆ ಎಚ್ಚರ ಆಗೋದು ತಡ ಆಯ್ತಾ, ಎಚ್ಚರ ಆಗಿ ಮೈ ಅಲುಗಿಸೋಕಾಗ್ಲಿಲ್ವಾ?"

ತಮ್ಮ ನೆಲ ನೋಡಿದ. ಆ ಓಣಿಯ ನೆಲದಲ್ಲಿ ನೋಡುವಂಥದ್ದೇನೂ ಇರಲಿಲ್ಲ.

"ಎಚ್ಚರ ಇದ್ದೆ," ಎಂದ.

"ಸುಳ್ಳು!" ಅಣ್ಣ ಮೊಣಕೈ ಊರಿ ಎದ್ದ. "ಆವತ್ತು ಡಾಕ್ಟರಿಗೆ ಏನಂದೆ? ಒಳ್ಳೆ ನಿದ್ದೆ ಅಂದೆ. ನಾನಲ್ಲೇ ನಿಂತಿದ್ದೆ. ಎಚ್ಚರ ಇದ್ರೆ ಹೇಳು ನೋಡೋಣ, ನರ್ಸಮ್ಮ ಏನಂದ್ಲು?"

"ಬಸ್ಸು ಹೋಯ್ತು ಅಂದ್ಲು."

"ಅದನ್ನ ಅವಳೇ ಊರಿಗೆಲ್ಲ ಹೇಳ್ಕೊಂಡು ತಿರುಗಿದಾಳೆ. ಕೇಳಿದಿರಾ ಮೇಡಂ, ಯಾರೋ ಹೇಳಿದ್ದು ಇವನಿಗೆ ಕೇಳಿದ ಹಾಗೆ ಆಗಿದೆ. ಹೆದರುಪುಕ್ಕಲ. ನಡೀರಿ, ನೀವು ನಿಮ್ಮ ಔಷಧಿ ಕೊಡಿ."

ಒಳಗಿನಿಂದ ಯಾರೋ ಬಾಗಿಲು ತೆರೆದು ಹಿಡಿದರು. ಡಾಕ್ಟರು ತಮ್ಮನ ಮುಖವನ್ನೇ ನೋಡುತ್ತಿದ್ದರು. ಅತ್ತಿಗೆಯೂ ನೋಡುತ್ತಿದ್ದಳು. ಮಾತಾಡುವವನಲ್ಲ ಎಂದು ಊರೆಲ್ಲ ಹೆಸರಾದವನು ಆಗ ಮಾತಾಡಿದ. ಗಟ್ಟಿಯಾಗಿಯಲ್ಲ, ಪಾಠ ಒಪ್ಪಿಸುವವನ ಹಾಗೆ, ಒಂದೇ ಸಮನೆ.

"ಆ ಚೀಲ ಒತ್ತೋದು ನಿಲ್ಲಿಸಿಬಿಡಿ. ಅವನ ಹಿಂದೆ ಅಳೋರು ಯಾರಿದಾರೆ."

ಅಣ್ಣನ ಮೊಣಕೈ ಕುಸಿಯಿತು. ರೆಕ್ಸಿನ್ ಕಿರ್ ಎಂದಿತು. ಅತ್ತಿಗೆ ಇದ್ದಕ್ಕಿದ್ದಂತೆ ಗಂಡನ ಕೈ ಬಿಟ್ಟಳು. ಇನ್ನಾರಿಗೂ ಗೊತ್ತಿರಲು ಸಾಧ್ಯವಿಲ್ಲದ ಮಾತದು. ಆ ಕೋಣೆಯಲ್ಲಿದ್ದ ಡಾಕ್ಟರು ಹೇಳುವವರಲ್ಲ, ನರ್ಸಮ್ಮ ಬಸ್ಸಿನ ಕತೆ ಹೇಳಿದಳೇ ಹೊರತು ಇದನ್ನು ಯಾರಿಗೂ ಹೇಳಲಿಲ್ಲ. ಅಣ್ಣ ಬಾಯಿ ತೆರೆದ. ಮೂವತ್ತು ವರ್ಷ ಹಾಸಿಗೆ ಮಾರಿದ ಬಾಯಿ. ಅದರಿಂದ ಏನೂ ಬರಲಿಲ್ಲ.

"ಬೇರೆ ಔಷಧಿ ಕೊಡ್ತೀನಿ," ಎಂದರು ಡಾಕ್ಟರು.

ಸ್ಟ್ರೆಚರು ಒಳಗೆ ಹೋಯಿತು. ಅತ್ತಿಗೆ ಬೆಂಚಿನ ಮೇಲೆ ಕೂತಳು. ಬಹಳ ಹೊತ್ತಾದ ಮೇಲೆ, ಮೈದುನನ ತೋಳಿಗೆ ಅಂಟಿದ್ದ ಹತ್ತಿಯ ಎಳೆಯೊಂದನ್ನು ಕಿತ್ತಳು. "ಅಷ್ಟು ವರ್ಷ ಶೋಕೇಸಲ್ಲಿ ಮಲಗಿದ್ಯಲ್ಲೋ," ಎಂದಳು. ಅಷ್ಟೇ.

ಅಣ್ಣ ಎದ್ದ, ಡಾಕ್ಟರು ಹೇಳಿದ ಹೊತ್ತಿಗೆ ಸರಿಯಾಗಿ ಎದ್ದ. ರಕ್ತವೂ ಲ್ಯಾಬಿಗೆ ಹೋಗಿ ಬಂತು. ಅವನಿಗೂ ಮೊಂಡು ಎರಡೂ ಬಂದಿದ್ದವು. ಆ ಔಷಧಿ ಕೊಟ್ಟಿದ್ದರೆ ಅವನೂ ತಮ್ಮನ ಹಾಗೆಯೇ ಎಚ್ಚರವಾಗಿದ್ದು ಬೀಗ ಹಾಕಿಕೊಂಡು ಮಲಗಿರುತ್ತಿದ್ದ. ಅದರಿಂದ ಉಳಿದ. ಆದರೆ ಕರುಳಿಗೆ ಅಡ್ಡ ಬಂದಿದ್ದ ಗಡ್ಡೆ ಅಲ್ಲಿಗೇ ನಿಂತಿರಲಿಲ್ಲ. ಕೊಯ್ದವರು ಒಂದಿಷ್ಟು ತೆಗೆದು, ಉಳಿದದ್ದನ್ನು ನೋಡಿ, ಹೊಲಿದು ಮುಚ್ಚಿದ್ದರು. ಯಾವ ಕತ್ತರಿಗೂ ಬಗ್ಗುವ ಹಾಗಿರಲಿಲ್ಲ.

ಮನೆಗೆ ಬಂದ ದಿನವೇ ಅಣ್ಣ ಬೋರ್ಡು ಇಳಿಸಲು ಹೇಳಿದ. ಕ್ಷೌರಿಕ ಏಣಿ ತಂದು ಇಳಿಸಿದ. ಗಾಜಿನ ಮೇಲೆ ಬೋರ್ಡಿನ ಆಕಾರದಲ್ಲಿ ದೂಳಿಲ್ಲದ ಜಾಗ ಉಳಿಯಿತು. "ಈಗ ಏನು ಬರೆಸೋಣ?" ಎಂದು ಕೇಳಿದ. ಏನನ್ನೂ ಬರೆಸಲಿಲ್ಲ. ಅವನೂ ಅಂದಿನಿಂದ ಕತೆ ಹೇಳುವುದನ್ನು ನಿಲ್ಲಿಸಿದ. ಗಿರಾಕಿಗಳು ತಾವೇ ಹೇಳಿಕೊಳ್ಳತೊಡಗಿದರು.

ಅಣ್ಣನಿಗೆಂದು ಹೊಸ ಹಾಸಿಗೆ ಹೊಲಿದ ತಮ್ಮ. ತೆಳುವಾದದ್ದು, ಮಗುವಿನ ಹಾಸಿಗೆಗೆ ತುಂಬುವಂಥ ಹತ್ತಿ, ದಾರ ಸಡಿಲ, ಎಲುಬಿಗೆ ಎಲ್ಲೂ ಒತ್ತದಂಥದ್ದು. ಅಣ್ಣನ ಮೈ ಇಳಿಯುತ್ತಾ ಹೋದಂತೆಲ್ಲ ಅದನ್ನು ಬಿಚ್ಚಿ, ಸೊಂಟದ ಕೆಳಗೊಂದಿಷ್ಟು ಹಾಕಿ, ಹಿಮ್ಮಡಿಯ ಕೆಳಗೊಂದಿಷ್ಟು ತೆಗೆದು ಮತ್ತೆ ಹೊಲಿಯುತ್ತಿದ್ದ. ಅತ್ತಿಗೆ ಗಂಡನಿಗೆ ಮಾಡಬೇಕಾದ್ದನ್ನೆಲ್ಲ ಮಾಡುತ್ತಿದ್ದಳು; "ಬಾಯಿ ತೆಗೀರಿ", "ಹೊರಳಿ" ಎಂಬಿಷ್ಟನ್ನು ಬಿಟ್ಟು ಬೇರೆ ಮಾತು ಆಡುತ್ತಿರಲಿಲ್ಲ. ಅಣ್ಣನೂ ಆಡುತ್ತಿರಲಿಲ್ಲ. ಅಂಥ ಮಾತುಗಾರನ ಮನೆಯಲ್ಲಿ ಫ್ಯಾನಿನ ಸದ್ದು ಕೇಳುವಂತಾಯಿತು.

ಒಂದು ಮಧ್ಯಾಹ್ನ ಅಣ್ಣನನ್ನು ಮಗ್ಗುಲಿಗೆ ಹೊರಳಿಸಿ, ಬೆನ್ನ ಕೆಳಗೆ ಅಂಗೈ ತೂರಿಸಿ ಹಾಸಿಗೆ ತಡವಿ ನೋಡುತ್ತಿದ್ದ ತಮ್ಮ. ಅತ್ತಿಗೆ ಬಾಗಿಲಲ್ಲಿ ಬಟ್ಟೆ ಮಡಿಸುತ್ತಿದ್ದಳು.

"ಏನೋ," ಎಂದ ಅಣ್ಣ, ಗೋಡೆಯ ಕಡೆ ಮುಖ ಮಾಡಿಕೊಂಡೇ. ದನಿ ಕಾಗದ ಹರಿದ ಹಾಗಿತ್ತು. "ಒಂದು ಕೇಳ್ತೀನಿ. ಸುಳ್ಳು ಹೇಳಬೇಡ."

"ಕೇಳಣ್ಣ."

"ನಾನು ಆ ಮಾತು ಹೇಳಿದ ಮೇಲೆ. ನಿಂಗೆ ಅಲುಗೋಕಾಗಲ್ಲ. ಕತ್ತಲೆ. ಸಂಜೆವರೆಗೂ ಹಾಗೇ ಮಲಗಿದ್ದೆ." ಉಸಿರಿಗಾಗಿ ನಿಂತ. "ಅಷ್ಟು ಹೊತ್ತು... ನನ್ನ ಬಗ್ಗೆ ಏನಂದ್ಕೊಂಡೆ? ಮನಸ್ಸಲ್ಲಿ ಏನಿತ್ತೋ?"

ಅತ್ತಿಗೆಯ ಕೈ ಮಡಿಕೆಯ ಮೇಲೆ ನಿಂತಿತು. ಬೆನ್ನ ಕೆಳಗಿನಿಂದ ಕೈ ತೆಗೆಯಲಿಲ್ಲ ತಮ್ಮ. ಬೆರಳಿಗೆ ಏನೋ ಸಿಕ್ಕಿರಬೇಕು, ಅದನ್ನೇ ಮೆಲ್ಲಗೆ ತಿಕ್ಕಿ ಬಿಡಿಸುತ್ತಿದ್ದ.

"ಆವತ್ತು ನನ್ನ ಎಡಭುಜದ ಕೆಳಗೆ ಹತ್ತಿ ಗಂಟು ಕಟ್ಟಿತ್ತಣ್ಣ," ಎಂದ. "ಒತ್ತುತ್ತಾ ಇತ್ತು."